ಹದ್ದುಬಸ್ತು

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹೋಬಳಿಯ ರೈತರಿಗೆ ಹದ್ದುಬಸ್ತು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಅರ್ಜಿ ಕೊಟ್ಟರೆ ಸರ್ವೆಯವರು ಬಂದು, ಅಳೆದು, ಜಮೀನಿನ ಗಡಿ ಗುರುತಿಸಿಕೊಡುತ್ತಾರೆ. ಹದ್ದು ಅರಬ್ಬಿಯಿಂದ ಬಂದದ್ದು, ಬಸ್ತು ಪಾರಸಿಯದು. ಕಂದಾಯದ ಕಡತದ ಜೊತೆ ಬಂದ ಮಾತು ಹೊಲದ ಬದುವಿನಲ್ಲೇ ನಿಲ್ಲಲಿಲ್ಲ. ಅತಿಯಾಗಿ ಆಡಿದವನನ್ನು ಹದ್ದು ಮೀರಿದ ಎಂದೆವು, ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟೆವು.

ಅಧಿಕಾರಿಗಳ ವಿಷಯಕ್ಕೆ ಬಂದಾಗ ಮಾತ್ರ 'ವ್ಯಾಪ್ತಿ' ಎನ್ನುತ್ತೇವೆ. ವ್ಯಾಪ್ತಿ ಹರಡುವ ಮಾತು, ಹದ್ದು ನಿಲ್ಲುವ ಮಾತು. ಮೇಲ್ಮನವಿಯಿಂದ ಹಿಂದಿರುಗಿದ ಪ್ರಕರಣಕ್ಕೆ ಬೇಕಾದದ್ದು ಎರಡನೆಯದು.

ತಹಸೀಲು ಎಂದರೆ ವಸೂಲಿ. ತಹಶೀಲ್ದಾರರು ಹೆಸರಿನಲ್ಲೇ ತೆರಿಗೆ ಅಧಿಕಾರಿ. 1964ರ ಭೂಕಂದಾಯ ಕಾಯ್ದೆಯಂತೆ ಕೊರಟಗೆರೆ ತಹಶೀಲ್ದಾರರ ಆದೇಶ ಒಪ್ಪದವರು ಮಧುಗಿರಿಯ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕುತ್ತಾರೆ. ಕಡತ ಅಲ್ಲಿಂದ 'ಕಾನೂನು ರೀತ್ಯಾ ಕ್ರಮಕ್ಕಾಗಿ' ಎಂದಷ್ಟೇ ಬರೆಸಿಕೊಂಡು ವಾಪಸ್ ಬಂದರೆ ಯಾವ ಅಂಶ ಇತ್ಯರ್ಥವಾಯಿತು, ಯಾವುದು ಉಳಿಯಿತು? ಗೆದ್ದೆನೆಂದು ಬಸ್ಸು ಹತ್ತಿದ ರೈತನಿಗೆ ಎಲ್ಲವೂ ಮೊದಲಿನಿಂದ ಶುರು.

ಸೂಚನೆ ಸ್ಪಷ್ಟವಾಗಿದ್ದರೆ ಕೆಳಗಿನವರು ಅದನ್ನು ಮೀರುವಂತಿಲ್ಲ. ಆದಾಯ ತೆರಿಗೆಯಲ್ಲಿ ಇದು 1960ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ಭೋಪಾಲ್ ಶುಗರ್ ಇಂಡಸ್ಟ್ರೀಸ್ ತನ್ನದೇ ಹೊಲದ ಕಬ್ಬನ್ನೂ ಅರೆಯುತ್ತಿತ್ತು. ಆ ಕಬ್ಬಿನ ಬೆಲೆ ಕಟ್ಟುವ ಬಗೆಯನ್ನು ಮೇಲ್ಮನವಿ ನ್ಯಾಯಮಂಡಳಿ ಸೂಚಿಸಿದರೂ ಅಧಿಕಾರಿ ಪಾಲಿಸಲಿಲ್ಲ. ಅದು ನ್ಯಾಯದ ನಿರಾಕರಣೆಯೇ ಸರಿ ಎಂದಿತು ಕೋರ್ಟು. ಮೇಲಿನವರ ಸೂಚನೆ ತಪ್ಪೆನಿಸಿದರೆ ಇಲಾಖೆ ಇನ್ನೂ ಮೇಲಕ್ಕೆ ಹೋಗಬಹುದು. ಕೆಳಗೆ ಕೂತು ತಿದ್ದುವ ಹಾಗಿಲ್ಲ.

ವಾಪಸ್ ಕಳಿಸುವವರಿಗೂ ಹದ್ದುಂಟು. ಆದಾಯ ತೆರಿಗೆಯ ಮೇಲ್ಮನವಿ ಆಯುಕ್ತರು 2001ರ ಜೂನ್ 1ರಿಂದ ಆ ಅಧಿಕಾರ ಕಳೆದುಕೊಂಡಿದ್ದರು. 2024ರ ಅಕ್ಟೋಬರ್ 1ರಿಂದ, ಅಧಿಕಾರಿ ತನ್ನ ಅಂದಾಜಿನಲ್ಲೇ ತೆರಿಗೆ ನಿಗದಿ ಮಾಡಿದ ಪ್ರಕರಣಗಳಲ್ಲಿ ಅದು ಮರಳಿ ಸಿಕ್ಕಿದೆ. ಜಿಎಸ್‌ಟಿಯಲ್ಲಂತೂ 107ನೇ ಕಲಮಿನಂತೆ ಮೊದಲ ಮೇಲ್ಮನವಿ ಪ್ರಾಧಿಕಾರ ಪ್ರಕರಣವನ್ನು ಹಿಂದಕ್ಕೆ ಕಳಿಸುವಂತೆಯೇ ಇಲ್ಲ, ತಾನೇ ತೀರ್ಮಾನಿಸಬೇಕು. ನನಗೆ ಈ ದಾರಿಯೇ ಮೆಚ್ಚು. ಅಲೆದಾಟ ಒಂದು ಸುತ್ತಾದರೂ ತಪ್ಪುತ್ತದೆ.

ಕಳಿಸಲೇಬೇಕಾದಾಗ, ಕ್ರಯಪತ್ರದಲ್ಲಿ ಬರೆಯುವಂತೆ ಆದೇಶದಲ್ಲೂ ಚೆಕ್ಕುಬಂದಿ ಬರೆಯಲಿ: ಯಾವ ಪ್ರಶ್ನೆ ಮತ್ತೆ ವಿಚಾರಿಸಬೇಕು, ಯಾವುದನ್ನು ಮುಟ್ಟಬಾರದು, ಯಾವ ದಾಖಲೆ ನೋಡಬೇಕು, ಎಷ್ಟು ದಿನದೊಳಗೆ ಮುಗಿಸಬೇಕು.