ಕಾಗದದ ಮೇಲಿನ ಬಲಾಬಲ: 1974ರ ಟೆಸ್ಟ್ ಸರಣಿಯೊಂದರ ಪಾಠ



ದೊಡ್ಡ ಟೆಸ್ಟ್ ಸರಣಿಯೊಂದು ಸಮೀಪಿಸಿದಾಗಲೆಲ್ಲ ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ, "ಸರ್, ಈ ಸಲ ಯಾರ ಕಡೆ ತೂಕ ಹೆಚ್ಚು?" ಎಂದು ಕೇಳುವುದುಂಟು. ಸಿಂಧನೂರಿನ ಚಹದಂಗಡಿಯಲ್ಲಿಯೂ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿಯೂ ಆಗ ಇದೇ ಚರ್ಚೆ. ಬ್ಯಾಟಿಂಗ್‌ನಲ್ಲಿ ನಾವು ಮೇಲು, ವೇಗದಲ್ಲಿ ಅವರು ಮೇಲು, ಸ್ಪಿನ್‌ನಲ್ಲಿ ಮತ್ತೆ ನಾವು ಎಂದು ಬೆರಳು ಮಡಚಿ ಎಣಿಸಿ ತೀರ್ಪು ಕೊಟ್ಟುಬಿಡುತ್ತಾರೆ. ಇದು ಮಾತಿಗಷ್ಟೇ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. ಅಂಥ ತೀರ್ಪನ್ನೇ ನಂಬಿ ಬೆಟ್ಟಿಂಗ್ ಕಟ್ಟಿ, ಭತ್ತ ಮಾರಿದ ಹಣವನ್ನೆಲ್ಲ ಕಳೆದುಕೊಂಡು ಸಾಲಕ್ಕೆ ಬಿದ್ದ ಹುಡುಗರನ್ನು ನಮ್ಮ ಭಾಗದಲ್ಲಿಯೇ ಕಂಡಿದ್ದೇನೆ. ಆದುದರಿಂದ ಎರಡು ತಂಡಗಳ ತುಲನೆ ಎಂದರೇನು, ಅದು ಎಲ್ಲಿಯವರೆಗೆ ನಂಬಲರ್ಹ ಎಂಬುದನ್ನು, ಇತಿಹಾಸ ಬೋಧಿಸಿದವನ ದೃಷ್ಟಿಯಿಂದ, ಒಂದು ಹಳೆಯ ಸರಣಿಯ ಮೂಲಕ ವಿವರಿಸಬಯಸುತ್ತೇನೆ.

ಆ ಸರಣಿ 1974-75ರಲ್ಲಿ ಭಾರತದಲ್ಲಿ ನಡೆದ ವೆಸ್ಟ್ ಇಂಡೀಸ್ ವಿರುದ್ಧದ ಐದು ಪಂದ್ಯಗಳದು. ಅದರ ಮೊದಲ ಟೆಸ್ಟ್ 1974ರ ನವೆಂಬರ್ 22ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ಇಂದು ಚಿನ್ನಸ್ವಾಮಿ ಕ್ರೀಡಾಂಗಣ ಎಂದು ನಾವು ಕರೆಯುವ ಮೈದಾನದ ಮೊತ್ತಮೊದಲ ಟೆಸ್ಟ್ ಪಂದ್ಯ ಅದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗ ಒಂದೇ ವರ್ಷವಾಗಿತ್ತು. ಆ ಹೊಸ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲಿಯೇ ನಮ್ಮ ತಂಡ, ಸತತವಾಗಿ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಉಪಾಂತ್ಯದಲ್ಲಿ ಹಿಮ್ಮೆಟ್ಟಿಸಿ, ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿ, ಪ್ರಶಸ್ತಿ ತಂದಿತ್ತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಎಂಬ ಮೂರು ಹೆಸರುಗಳು ಮನೆಮಾತಾಗಿದ್ದವು. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ಹುಬ್ಬಳ್ಳಿಯಿಂದ ಬರುತ್ತಿದ್ದ 'ಸಂಯುಕ್ತ ಕರ್ನಾಟಕ' ಮತ್ತು ಯಾರದೋ ಅಂಗಡಿಯ ರೇಡಿಯೊ ಇವೆರಡೇ ನಮಗೆ ಆಧಾರ.

ಈಗ ನೀವೊಂದು ಕೆಲಸ ಮಾಡಿರಿ. ನವೆಂಬರ್ 21ರ ರಾತ್ರಿ ಕುಳಿತು ಬಲಾಬಲದ ಪಟ್ಟಿ ಬರೆಯುತ್ತಿದ್ದೀರೆಂದು ಭಾವಿಸಿರಿ. ಅಂದು ತಿಳಿದಿದ್ದುದನ್ನು ಮಾತ್ರ ಬರೆಯಬೇಕು, ಮುಂದೆ ನಡೆದುದನ್ನು ಸೇರಿಸಬಾರದು ಎಂಬುದೊಂದೇ ನಿಯಮ.

ಭಾರತದ ಕಡೆ ಏನಿತ್ತು? 1971ರಲ್ಲಿ ಅಜಿತ್ ವಾಡೇಕರ್ ನಾಯಕತ್ವದಲ್ಲಿ ವೆಸ್ಟ್ ಇಂಡೀಸ್‌ನಲ್ಲಿಯೂ ಇಂಗ್ಲೆಂಡಿನಲ್ಲಿಯೂ 1-0 ಅಂತರದ ಸರಣಿ ಜಯ. ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ಓಟಗಳಿಗೆ 6 ಹುದ್ದರಿ ಉರುಳಿಸಿದ ಕೀರ್ತಿ. 1972-73ರಲ್ಲಿ ತಾಯ್ನೆಲದಲ್ಲಿ ಇಂಗ್ಲೆಂಡಿನ ಮೇಲೆ 2-1ರ ಗೆಲುವು. ಬೇಡಿ, ಪ್ರಸನ್ನ, ಚಂದ್ರ, ವೆಂಕಟರಾಘವನ್ ಎಂಬ ಸ್ಪಿನ್ ಚತುಷ್ಟಯ. ಗಾವಸ್ಕರ್, ವಿಶ್ವನಾಥ್ ಎಂಬ ಇಬ್ಬರು ದಾಂಡಿಗರು. ಎದುರಿಗೆ 1974ರ ಬೇಸಿಗೆಯ ಕಪ್ಪುಚುಕ್ಕೆಯೂ ಇತ್ತು. ಇಂಗ್ಲೆಂಡಿನಲ್ಲಿ 0-3ರ ಸೋಲು, ಲಾರ್ಡ್ಸ್‌ನಲ್ಲಿ ಕೇವಲ 42ಕ್ಕೆ ಪತನ. 1971ರ ವಿಜಯದ ನೆನಪಿಗೆ ಇಂದೂರಿನಲ್ಲಿ ನಿಲ್ಲಿಸಿದ್ದ ಕಾಂಕ್ರೀಟಿನ ಬ್ಯಾಟನ್ನು ಜನರೇ ವಿರೂಪಗೊಳಿಸಿದರು. ವಾಡೇಕರ್ ಟೆಸ್ಟ್ ಕ್ರಿಕೆಟ್ಟಿನಿಂದಲೇ ದೂರವಾದರು. ನಾಯಕತ್ವಕ್ಕೆ ಪಟೌಡಿಯವರನ್ನು ಮತ್ತೆ ಕರೆತರಲಾಯಿತು.

ವೆಸ್ಟ್ ಇಂಡೀಸ್ ಕಡೆ ಏನಿತ್ತು? ಸೋಬರ್ಸ್ ಮತ್ತು ಕನ್ಹಾಯ್ ಅದೇ ವರ್ಷ ತಮ್ಮ ಕೊನೆಯ ಟೆಸ್ಟ್ ಆಡಿ ಮುಗಿಸಿದ್ದರು. ಕ್ಲೈವ್ ಲಾಯ್ಡ್ ಆ ಮೊದಲು ಒಂದು ಟೆಸ್ಟಿಗೂ ನಾಯಕರಾಗಿರಲಿಲ್ಲ. ಆಫ್ ಸ್ಪಿನ್ನರ್ ಲ್ಯಾನ್ಸ್ ಗಿಬ್ಸ್‌ಗೆ 40 ವರ್ಷ ತುಂಬಿತ್ತು. ವೇಗದ ಬೌಲರ್ ಆ್ಯಂಡಿ ರಾಬರ್ಟ್ಸ್ ಆಡಿದ್ದುದು ಒಂದೇ ಒಂದು ಟೆಸ್ಟ್. ಬೆಂಗಳೂರಿನಲ್ಲಿ ಮೊದಲ ಬಾರಿಗೆ ಟೆಸ್ಟ್ ಆಡಲಿದ್ದ ಇಬ್ಬರು ಹುಡುಗರ ಹೆಸರು ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್.

ಇಂದು ಈ ಎರಡು ಹೆಸರನ್ನು ಓದಿದಾಕ್ಷಣ ನಮ್ಮ ಮೈ ಜುಮ್ಮೆನ್ನುತ್ತದೆ. ಅಂದು ಯಾರಿಗೂ ಹಾಗಾಗಿರಲಾರದು! ಇಂದಿನ ಅರಿವನ್ನು ಅಂದಿನವರ ಮೇಲೆ ಹೇರಬಾರದೆಂದು ತರಗತಿಯಲ್ಲಿ ನಾನು ಮತ್ತೆ ಮತ್ತೆ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಪಟ್ಟಿಯ ಪ್ರಕಾರ ಅದು ವೃದ್ಧರೂ ಹೊಸಬರೂ ಸೇರಿದ, ಅರೆಬೆಂದ ತಂಡ. ನಮ್ಮ ನೆಲದಲ್ಲಿ, ನಮ್ಮ ಸ್ಪಿನ್ನಿನ ಎದುರು ಅದಕ್ಕಿಂತ ಭಾರತಕ್ಕೇ ತೂಕ ಹೆಚ್ಚೆಂದು ಯಾರಾದರೂ ಬರೆದಿದ್ದರೆ ಅದು ವಿವೇಕದ ಮಾತೇ ಆಗಿರುತ್ತಿತ್ತು.

ನಡೆದದ್ದು ಬೇರೆ. ಬೆಂಗಳೂರಿನ ತೇವದ ಪಿಚ್ಚಿನ ಮೇಲೆ ಕಾಳೀಚರಣ್ 124 ಹೊಡೆದರು. ಗ್ರೀನಿಜ್ 93 ಮತ್ತು 107 ಗಳಿಸಿದರು. ನಾಯಕ ಲಾಯ್ಡ್ 163. ಭಾರತದ ಪರ ಬೇಡಿ ಆ ಪಂದ್ಯಕ್ಕೆ ಇರಲಿಲ್ಲ, ಶಿಸ್ತಿನ ಕಾರಣದಿಂದ ಕೈಬಿಡಲಾಗಿತ್ತು. ಪಟೌಡಿ ಮತ್ತು ಗೂಟ ರಕ್ಷಕ ಎಂಜಿನಿಯರ್ ಇಬ್ಬರೂ ಗಾಯಗೊಂಡು ಎರಡನೆಯ ಇನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿಯಲಾಗಲಿಲ್ಲ. 118ಕ್ಕೆ ಕುಸಿದ ಭಾರತ 267 ಓಟಗಳಿಂದ ಸೋತಿತು. ರಿಚರ್ಡ್ಸ್ ಅವರನ್ನು ಚಂದ್ರಶೇಖರ್ 4 ಮತ್ತು 3ಕ್ಕೆ ಮರಳಿಸಿದ್ದರು. ಅಲ್ಲಿಗೇ ಪಟ್ಟಿ ತಿದ್ದಿದವನು ಆ ಹುಡುಗನ ಹೆಸರಿನ ಮುಂದೆ ಸೊನ್ನೆ ಹಾಕಿರುತ್ತಿದ್ದ. ಮುಂದಿನ ಪಂದ್ಯದಲ್ಲಿ, ದೆಹಲಿಯಲ್ಲಿ, ಅದೇ ಹುಡುಗ ಅಜೇಯ 192 ಹೊಡೆದ. ಭಾರತಕ್ಕೆ ಇನಿಂಗ್ಸ್ ಮತ್ತು 17 ಓಟಗಳ ಸೋಲು. ಗಾವಸ್ಕರ್ ಬೆರಳು ಮುರಿದುಕೊಂಡು ಆ ಪಂದ್ಯವೂ ಸೇರಿ ಮೂರು ಟೆಸ್ಟ್‌ಗಳಿಂದ ಹೊರಗುಳಿದರು. ಪಟೌಡಿಯೂ ಇಲ್ಲದ ದೆಹಲಿಯಲ್ಲಿ ನಾಯಕರಾದ ವೆಂಕಟರಾಘವನ್ ಮುಂದಿನ ಪಂದ್ಯದ ಹನ್ನೊಂದರಲ್ಲಿಯೇ ಇರಲಿಲ್ಲ!

0-2ರಲ್ಲಿ ಹಿಂದಿದ್ದು, ಗಾವಸ್ಕರ್ ಇಲ್ಲದ ತಂಡಕ್ಕೆ ಕಲ್ಕತ್ತೆಯಲ್ಲಿ ಯಾರು ತಾನೆ ತೂಕ ಕೊಟ್ಟಾರು? ಅಲ್ಲಿ ವಿಶ್ವನಾಥ್ ಎರಡನೆಯ ಇನಿಂಗ್ಸ್‌ನಲ್ಲಿ 139 ಗಳಿಸಿದರು. ರಾಬರ್ಟ್ಸ್ ಎಸೆತ ದವಡೆಗೆ ಬಡಿದು ಗಾಯಗೊಂಡ ಪಟೌಡಿ ಹೊಲಿಗೆ ಹಾಕಿಸಿಕೊಂಡು ಮರಳಿ ಬಂದು ಆಡಿದರು. 1975ರ ಹೊಸ ವರ್ಷದ ದಿನ ಭಾರತ 85 ಓಟಗಳಿಂದ ಗೆದ್ದಿತು. ಹತ್ತು ದಿನಗಳ ನಂತರ ಮದರಾಸಿನಲ್ಲಿ ರಾಬರ್ಟ್ಸ್ 64ಕ್ಕೆ 7 ಹುದ್ದರಿ ಕಿತ್ತು ಇಡೀ ತಂಡವನ್ನು 190ಕ್ಕೆ ಮುಗಿಸಿದಾಗ, ಅದರಲ್ಲಿ ಅಜೇಯ 97 ವಿಶ್ವನಾಥರದು. ಶತಕವಲ್ಲದಿದ್ದರೂ ನಮ್ಮ ಪೀಳಿಗೆಗೆ ಅದು ಹಲವು ಶತಕಗಳಿಗಿಂತ ದೊಡ್ಡದು. ಪ್ರಸನ್ನ ಎರಡೂ ಇನಿಂಗ್ಸ್ ಸೇರಿ 9 ಹುದ್ದರಿ ಪಡೆದರು. 100 ಓಟಗಳ ಜಯ, ಸರಣಿ 2-2. ಕೊನೆಗೆ ಬೊಂಬಾಯಿಯ ವಾಂಖೆಡೆ ಕ್ರೀಡಾಂಗಣದ ಮೊದಲ ಟೆಸ್ಟಿನಲ್ಲಿ ಲಾಯ್ಡ್ ಅಜೇಯ 242 ಗಳಿಸಿ, 201 ಓಟಗಳಿಂದ ಪಂದ್ಯವನ್ನೂ 3-2ರಿಂದ ಸರಣಿಯನ್ನೂ ಒಯ್ದರು. ಒಂದೇ ಟೆಸ್ಟಿನ ಅನುಭವವಿದ್ದ ರಾಬರ್ಟ್ಸ್ ಪಡೆದ ಹುದ್ದರಿಗಳು 32. ವಿಶ್ವನಾಥ್ ಗಳಿಸಿದ ಓಟಗಳು 568.

ಈ ಸರಣಿಯ ಪಟ್ಟಿಯಲ್ಲಿ ಏನೇನು ಇರಲಿಲ್ಲ ಎಂಬುದನ್ನು ಗಮನಿಸಿರಿ. ಮೊದಲನೆಯದು, ಹೊಸಬರು. ಹಿಂದಿನ ಅಂಕಿ-ಅಂಶ ಇಲ್ಲದವನ ಮುಂದೆ ನಾವು ಸೊನ್ನೆ ಬರೆಯುತ್ತೇವೆ. ಅಲ್ಲಿ ಬರೆಯಬೇಕಾದುದು 'ತಿಳಿಯದು' ಎಂದು. ಎರಡನೆಯದು, ಹನ್ನೊಂದರ ಆಚೆಗಿನವರು. ಐದು ಟೆಸ್ಟ್‌ಗಳ ಸರಣಿಯಲ್ಲಿ ಬೆರಳು ಮುರಿಯುತ್ತದೆ, ಭುಜ ನೋಯುತ್ತದೆ, ನಾಯಕ ಬದಲಾಗುತ್ತಾನೆ. ಆಗ ಕೈಹಿಡಿಯುವುದು ದೇಶೀಯ ಕ್ರಿಕೆಟ್ಟಿನ ಆಳ. ಅಲ್ಲಿ ಜೀವಮಾನವಿಡೀ ದುಡಿದವರ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ. ನಮ್ಮ ರಾಯಚೂರಿನಲ್ಲಿ ಹುಟ್ಟಿದ ಯರೇಗೌಡರು ರೈಲ್ವೇಸ್ ಹಾಗೂ ಕರ್ನಾಟಕದ ಪರವಾಗಿ ವರ್ಷಗಟ್ಟಲೆ ರಣಜಿ ಆಡಿಯೂ ಭಾರತ ತಂಡದಲ್ಲಿ ಸ್ಥಾನ ಪಡೆಯದೆಯೇ ನಿವೃತ್ತರಾದರು.

ಮೂರನೆಯದು ನೆಲ. ಇದನ್ನು ನಮ್ಮವರಿಗೆ ವಿವರಿಸುವುದು ಸುಲಭ. ಸಿಂಧನೂರಿನ ಎರೆಭೂಮಿಗೂ ಲಿಂಗಸುಗೂರಿನ ಕಡೆಯ ಮಸಾರಿಗೂ ಇರುವ ವ್ಯತ್ಯಾಸವನ್ನು ರೈತನ ಮಗನಿಗೆ ಹೇಳಿಕೊಡಬೇಕಿಲ್ಲ. ನೀರುಂಡಾಗ ಉಬ್ಬುವ ಎರೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಕ್ರಿಕೆಟ್ ಪಿಚ್‌ಗಳಲ್ಲಿಯೂ ಕಪ್ಪು ಮಣ್ಣಿನದು, ಕೆಂಪು ಮಣ್ಣಿನದು ಎಂಬ ಭೇದವುಂಟು. ಒಂದೇ ಮಣ್ಣೂ ಮಳೆ ಬಂದ ದಿನ ಒಂದು ಬಗೆ, ಐದನೆಯ ದಿನ ಇನ್ನೊಂದು ಬಗೆ. ಟೆಸ್ಟ್ ಗೆಲ್ಲಲು ಎದುರಾಳಿಯ 20 ಹುದ್ದರಿ ಬೀಳಿಸಬೇಕು. ಹೀಗಾಗಿ ಕೇಳಬೇಕಾದ ಪ್ರಶ್ನೆ 'ಯಾರ ಬೌಲರ್ ದೊಡ್ಡವನು' ಎಂಬುದಲ್ಲ. 'ಈ ನೆಲದ ಮೇಲೆ, ಈ ಹವೆಯಲ್ಲಿ 20 ಹುದ್ದರಿ ಯಾರಿಗೆ ಸಾಧ್ಯ' ಎಂಬುದು.

ಇದು ಒಂದೇ ಸರಣಿಯ ಆಕಸ್ಮಿಕವಲ್ಲ. 2001ರಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯ ಮುಂಬೈ ಟೆಸ್ಟ್ ಗೆದ್ದಾಗ ಅದು ಅವರ ಸತತ 16ನೆಯ ಜಯ. ನಮ್ಮ ಕುಂಬ್ಳೆ ಭುಜದ ಗಾಯದಿಂದಾಗಿ ಆ ಸರಣಿಯಲ್ಲಿರಲಿಲ್ಲ. ಕೋಲ್ಕತ್ತದಲ್ಲಿ ಫಾಲೋಆನ್ ಪಡೆದ ಮೇಲೆ ಲಕ್ಷ್ಮಣ್ 281, ದ್ರಾವಿಡ್ 180 ಗಳಿಸಿ, 376 ಓಟಗಳ ಜೊತೆಯಾಟ ಕಟ್ಟಿದರು. ಹರಭಜನ್ ಮೂರೇ ಟೆಸ್ಟ್‌ಗಳಲ್ಲಿ 32 ಹುದ್ದರಿ ಪಡೆದರು. ಭಾರತಕ್ಕೆ 2-1ರ ಸರಣಿ. ಇನ್ನು 2024ರ ಅಕ್ಟೋಬರ್. 1974ರ ಅದೇ ಬೆಂಗಳೂರು ಮೈದಾನ, ಮತ್ತೆ ಮಳೆ. ಭಾರತ ತಾಯ್ನೆಲದಲ್ಲಿ ಸತತ 18 ಸರಣಿ ಗೆದ್ದಿತ್ತು. ನ್ಯೂಜಿಲೆಂಡ್ ಆಗಷ್ಟೇ ಶ್ರೀಲಂಕಾದಲ್ಲಿ 0-2ರಿಂದ ಸೋತು ಬಂದಿತ್ತು, ವಿಲಿಯಮ್ಸನ್ ಗಾಯಾಳು. ಕಾಗದದ ಮೇಲೆ ಅದಕ್ಕಿಂತ ಏಕಪಕ್ಷೀಯ ತುಲನೆ ಇನ್ನೇನಿದ್ದೀತು? ಭಾರತ 46ಕ್ಕೆ ಉರುಳಿತು. ಬೆಂಗಳೂರು ಮೂಲದ ದಂಪತಿಗಳ ಮಗ ರಚಿನ್ ರವೀಂದ್ರ ನ್ಯೂಜಿಲೆಂಡಿನ ಪರ 134 ಹೊಡೆದ. ಪುಣೆ, ಮುಂಬೈಗಳಲ್ಲಿ ನಮ್ಮದೇ ಅಸ್ತ್ರವಾದ ಸ್ಪಿನ್ನಿನಿಂದ ನಮ್ಮನ್ನು ಕೆಡವಿ, ಅವರು 3-0ರಿಂದ ಗೆದ್ದರು.

ಹಾಗಾದರೆ ತುಲನೆಯೇ ನಿರರ್ಥಕವೆ? ಖಂಡಿತ ಅಲ್ಲ. ನಮ್ಮ ಮಸ್ಕಿಯ ಬಂಡೆಯನ್ನು ನೆನೆಯಿರಿ. ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಮೊದಲೇ ತರ್ಕಿಸಿದ್ದರು. 1915ರಲ್ಲಿ ಚಿನ್ನದ ಶೋಧದಲ್ಲಿದ್ದ ಎಂಜಿನಿಯರ್ ಬೀಡನ್ ಅವರಿಗೆ ದೊರೆತ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ ಆ ತರ್ಕ ದೃಢಪಟ್ಟಿತು. ಸಾಕ್ಷ್ಯ ಸಿಗುವ ಮುನ್ನ ಕ್ರಮಬದ್ಧವಾಗಿ ಊಹಿಸುವುದು ವಿದ್ಯೆ. ಊಹೆಯನ್ನೇ ಸಾಕ್ಷ್ಯವೆಂದು ನಂಬುವುದು ಅವಿವೇಕ. ಸರಣಿಗೆ ಮುನ್ನ ನಾವು ಮಾಡುವುದು ಊಹೆ. ಶಾಸನ ಬರೆಯುವವರು ಮೈದಾನದಲ್ಲಿರುವ ಆಟಗಾರರು.

ಈ ಭೇದ ತಿಳಿದವನು ಊಹೆಯ ಮೇಲೆ ಮನೆಯ ಹಣ ಕಟ್ಟುವುದಿಲ್ಲ. ಊಹೆ ಕೈಕೊಟ್ಟಾಗ ಆಟಗಾರನ ಮೇಲೆ ಕಲ್ಲೆಸೆಯುವುದೂ ಇಲ್ಲ. 42ಕ್ಕೆ ಉರುಳಿದ ತಂಡದಲ್ಲಿದ್ದ ವಿಶ್ವನಾಥರೇ ಅದೇ ವರ್ಷದ ಕೊನೆಗೆ ಕಲ್ಕತ್ತೆಯಲ್ಲಿ ಗೆಲ್ಲಿಸಿಕೊಟ್ಟವರು ಎಂಬುದು ನೆನಪಿನಲ್ಲಿರಲಿ.

ಮುಂದಿನ ಸರಣಿ ಬಂದಾಗ ನಿಮ್ಮ ಮಕ್ಕಳಿಂದ ಒಂದು ಪಟ್ಟಿ ಬರೆಸಿರಿ. ಬ್ಯಾಟಿಂಗ್, ಬೌಲಿಂಗ್, ಕ್ಷೇತ್ರರಕ್ಷಣೆ, ನೆಲ, ಹವೆ, ಮೀಸಲು ಆಟಗಾರರು ಎಂದು ಕಾಲಂ ಹಾಕಿಸಿ, ಕೊನೆಗೆ 'ತಿಳಿಯದು' ಎಂಬ ಇನ್ನೊಂದು ಕಾಲಂ ಕಡ್ಡಾಯವಾಗಿ ಇರಿಸಿರಿ. ದಿನಾಂಕ ಬರೆಸಿ ಪುಸ್ತಕದಲ್ಲಿ ಮಡಚಿಡಲಿ. ಸರಣಿ ಮುಗಿದ ಮೇಲೆ ತೆಗೆದು ಓದಲಿ. ಪರೀಕ್ಷೆಗೆ ಅಂಕ ಬರದಿದ್ದರೂ ಇತಿಹಾಸ ಎಂದರೇನೆಂಬುದು ಅಷ್ಟರಿಂದಲೇ ಅವರಿಗೆ ತಿಳಿದೀತು.