ಹೊಸ ಕಾರೋ, ಹಳೆ ಕಾರೋ? ಒಂದು ಚರಿತ್ರೆಯ ಪಾಠ



2025ರ ದೀಪಾವಳಿ ಮುಗಿದ ಮೇಲೆ ಸಾಂಗ್ಲಿವಾಡಿಯ ಒಬ್ಬ ಪಾಲಕರು ನಮ್ಮನ್ನು ಕಾಣಲು ಬಂದರು. ಅವರ ತಂದೆಯ ಕಾಲದಲ್ಲಿ ಅಥಣಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಮನೆತನ. ಕಬ್ಬು, ಅರಿಷಿಣ ಬೆಳೆಯುತ್ತಾರೆ. ಮಗ ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿತು ಈಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ.

"ಸರ, ಮಗಾ ದೊಡ್ಡ ಕಂಪನಿ ಕಾರ್ ತಗೋತೀನಿ ಅಂತಾನ್ರೀ. ಹೊಸಾದಕ್ಕ ಐವತ್ತು ಲಕ್ಷ ಅಂತ, ಹಳೇದು ಹದಿನಾಲ್ಕಕ್ಕ ಸಿಗತೈತಂತ. ಅರ್ಧಾ ರೊಕ್ಕ ನಂದು, ಅರ್ಧಾ ಸಾಲ. ಯಾವುದು ಚಲೋ ನೀವ ಹೇಳ್ರೀ."

ನಾವು ಚರಿತ್ರೆ ಕಲಿಸುವವರು. ಕಾರಿನ ಗಿರಾಕಿಗಳಲ್ಲ, ಮೆಕ್ಯಾನಿಕ್ಕರೂ ಅಲ್ಲ. ಆದರೂ ಯೋಚಿಸಿ ನೋಡಿದರೆ ಈ ಪ್ರಶ್ನೆ ನಮ್ಮ ವಿಷಯಕ್ಕೇ ಸೇರಿದ್ದು ಅನಿಸಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹಳೆಯದಕ್ಕೇ ಹೆಚ್ಚು ಬೆಲೆ ಇದ್ದ ಕಾಲ

ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಹೊಸ ಕಾರಿಗಿಂತ ಬಳಸಿದ ಕಾರಿಗೇ ಹೆಚ್ಚು ಹಣ ಕೊಡಬೇಕಾಗುತ್ತಿತ್ತು! ಆಗ ಇದ್ದದ್ದೇ ಎರಡು ಮೂರು ಕಾರು: ಅಂಬಾಸಿಡರ್, ಫಿಯೆಟ್ (1974ರ ನಂತರ ಪದ್ಮಿನಿ), ಸ್ಟ್ಯಾಂಡರ್ಡ್. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಕೆಲವು ವರ್ಷ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡುತ್ತಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು. ಕೈಗೆ ಬಂದ ಕಾರನ್ನು ಮರುದಿನವೇ ಮಾರಿದರೂ ಲಾಭ ಸಿಗುತ್ತಿತ್ತು. ಅಂದರೆ ಬೆಲೆ ಇದ್ದದ್ದು ಕಾರಿಗಲ್ಲ, ಸರದಿಗೆ!

1983ರಲ್ಲಿ ಮಾರುತಿ 800 ಬುಕಿಂಗ್ ಆರಂಭವಾದಾಗ ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿದರು. ಅದೇ ವರ್ಷ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈ ಕೊಟ್ಟರು. 1991ರ ಆರ್ಥಿಕ ಸುಧಾರಣೆಗಳ ನಂತರ ವಿದೇಶಿ ಕಂಪನಿಗಳು ಬಂದವು, ಸರದಿ ಕರಗಿತು. ಆಗ ಮಾತ್ರ "ಸೆಕೆಂಡ್ ಹ್ಯಾಂಡ್" ಎಂದರೆ ಅಗ್ಗ ಎಂಬ ಅರ್ಥ ಬಂತು. 2001ರಲ್ಲಿ ಮಾರುತಿ ಕಂಪನಿಯೇ ಟ್ರೂ ವ್ಯಾಲ್ಯೂ ಹೆಸರಿನಲ್ಲಿ ಹಳೆಯ ಕಾರುಗಳ ಮಾರಾಟಕ್ಕೆ ಇಳಿಯಿತು.

ಜೀಪಿನಿಂದ ಕ್ರಾಸ್‌ಓವರ್‌ವರೆಗೆ

ಇನ್ನು ಆ ಹುಡುಗ ಕೇಳುತ್ತಿರುವ ಬಗೆಯ ಕಾರು ಎಲ್ಲಿಂದ ಬಂತು?

ಅದರ ಅಜ್ಜ ಜೀಪು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ್ದು. ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ನಮ್ಮ ಕಡೆ ಕಬ್ಬಿನ ಹೊಲ, ಚುನಾವಣೆ, ಸರ್ಕಾರಿ ಕೆಲಸ, ಎಲ್ಲಕ್ಕೂ ಜೀಪೇ. ಮುಂದೆ 1991ರಲ್ಲಿ ಟಾಟಾ ಸಿಯೆರಾ, 1994ರಲ್ಲಿ ಸುಮೋ, 1998ರಲ್ಲಿ ಸಫಾರಿ, 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೋ ಬಂದವು. ಇವೆಲ್ಲ ಲಾರಿಯ ಹಾಗೆ ಉಕ್ಕಿನ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಗಟ್ಟಿ, ಆದರೆ ಕುಲುಕಾಟ ಹೆಚ್ಚು.

ಕ್ರಾಸ್‌ಓವರ್ ಬೇರೆ ಜಾತಿ. ನೋಡಲು ಜೀಪಿನಂತೆ ಎತ್ತರ, ಒಳಗಿನ ಕಟ್ಟಡ ಮಾತ್ರ ಕಾರಿನದು. ಚಾಸಿ, ಬಾಡಿ ಎರಡೂ ಒಂದೇ. 1994ರಲ್ಲಿ ಟೊಯೋಟಾ ಕಂಪನಿಯ ರಾವ್4 ಈ ದಾರಿ ತೋರಿಸಿತು. ಅದರ ಐಷಾರಾಮಿ, ಚಿಕ್ಕ ಅಳತೆಯ ರೂಪ ನಮ್ಮ ದೇಶಕ್ಕೆ ಬಂದದ್ದು 2010ರ ಕೊನೆಗೆ, ಬಿಎಂಡಬ್ಲ್ಯು ಎಕ್ಸ್1 ಮೂಲಕ. ಚೆನ್ನೈಯಲ್ಲಿ ಜೋಡಣೆ, ಆರಂಭದ ಬೆಲೆ ಸುಮಾರು 22 ಲಕ್ಷ. 2012ರಲ್ಲಿ ಆಡಿ ಕ್ಯೂ3, 2014ರಲ್ಲಿ ಮರ್ಸಿಡಿಸ್ ಜಿಎಲ್‌ಎ, 2018ರಲ್ಲಿ ವೋಲ್ವೋ ಎಕ್ಸ್‌ಸಿ40. 2023ರ ಜನವರಿಯಲ್ಲಿ ಎಕ್ಸ್1ರ ಮೂರನೇ ಪೀಳಿಗೆ ಬಂದಾಗ ಅದರ ಆರಂಭದ ಬೆಲೆ ಸುಮಾರು 46 ಲಕ್ಷ. ಹನ್ನೆರಡು ವರ್ಷದಲ್ಲಿ ಇಮ್ಮಡಿ!

ಹೊಸದರ ಬೆಲೆಯಲ್ಲಿ ತೆರಿಗೆಯ ಪಾಲೂ ದೊಡ್ಡದು. 2025ರ ಸೆಪ್ಟೆಂಬರ್ 22ರವರೆಗೆ ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇಕಡಾ 50 ಇತ್ತು. ಅಂದಿನಿಂದ ಸೆಸ್ ತೆಗೆದು ಶೇ. 40 ಮಾಡಿದ್ದಾರೆ. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಶೇ. 18. ಅದರ ಮೇಲೆ ರಾಜ್ಯದ ರಸ್ತೆ ತೆರಿಗೆ ಬೇರೆ. ಷೋರೂಮಿನಿಂದ ಹೊರಬಿದ್ದ ಕ್ಷಣದಿಂದ ಬೆಲೆ ಇಳಿಯತೊಡಗುತ್ತದೆ. ಐಷಾರಾಮಿ ಕಾರಿನದು ಇನ್ನೂ ಬೇಗ ಇಳಿಯುತ್ತದೆ. ಮೊದಲ ಮಾಲಕ ಹೊತ್ತ ಈ ನಷ್ಟವೇ ಎರಡನೆಯವನ ಲಾಭ. ಆದರೆ ಒಂದು ಮಾತು ನೆನಪಿಡಬೇಕು: ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹದಿನಾಲ್ಕು ಲಕ್ಷಕ್ಕೆ ಕೊಂಡರೂ ರಿಪೇರಿಗೆ ನಿಂತಾಗ ಅದು ಐವತ್ತು ಲಕ್ಷದ ಕಾರೇ!

ಚರಿತ್ರೆಯ ಆಧಾರಗಳು

ಹಾಗಾದರೆ ಹಳೆಯದನ್ನು ನಂಬುವುದು ಹೇಗೆ? ಇಲ್ಲೇ ನಮ್ಮ ಪಾಠ ಬರುತ್ತದೆ. ಚರಿತ್ರೆಯ ಆಧಾರಗಳು ಯಾವುವು ಎಂದರೆ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ: ಲಿಖಿತ, ಭೌತಿಕ, ಮೌಖಿಕ. ಹಳೆಯ ಕಾರಿಗೂ ಈ ಮೂರೇ ಆಧಾರ. ಒಂದನ್ನೇ ನಂಬಿದವನು ಮೋಸ ಹೋಗುತ್ತಾನೆ.

ಲಿಖಿತ ಆಧಾರ ಎಂದರೆ ಆರ್.ಸಿ., ವಿಮೆ, ಸರ್ವಿಸ್ ದಾಖಲೆ. ಮಾಲಕರು ಎಷ್ಟು ಮಂದಿ ಬದಲಾದರು? ಬ್ಯಾಂಕಿನ ಸಾಲ ತೀರಿ ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆದಿದ್ದಾರೆಯೇ? ಪ್ರತಿ ಸರ್ವಿಸ್‌ನಲ್ಲಿ ಬರೆದ ಕಿಲೋಮೀಟರ್ ಏರುತ್ತಾ ಬಂದಿದೆಯೇ, ನಡುವೆ ಎಲ್ಲಾದರೂ ಇಳಿದಿದೆಯೇ? ವಿಮೆಯಲ್ಲಿ ದೊಡ್ಡ ಕ್ಲೇಮ್ ಆಗಿದೆಯೇ? ರಿಪೇರಿ ಖರ್ಚು ವಿಮಾ ಮೌಲ್ಯದ ಶೇ. 75 ದಾಟಿದರೆ ವಿಮಾ ಕಂಪನಿಗಳು ಅದನ್ನು ಪೂರ್ಣ ನಷ್ಟ ಎಂದು ಲೆಕ್ಕ ಹಿಡಿಯುತ್ತವೆ. ಅಂಥ ಗಾಡಿಗಳೂ ರಿಪೇರಿಯಾಗಿ ಮತ್ತೆ ಮಾರುಕಟ್ಟೆಗೆ ಬರುವುದುಂಟು.

ಊರು ಯಾವುದು ಎಂಬುದನ್ನೂ ನೋಡಬೇಕು. ದೆಹಲಿಯಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ನಿಷೇಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ತುಸು ಸಡಿಲಿಕೆ ಸಿಕ್ಕಿದೆ. ಈ ನಡುವೆ ಅಲ್ಲಿಯ ಅದೆಷ್ಟೋ ಗಾಡಿಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಹೊರಟವು. ಅಗ್ಗ ಏಕೆ ಎಂಬುದು ಗೊತ್ತಿದ್ದರೆ ಅಗ್ಗ ತಪ್ಪಲ್ಲ.

ಭೌತಿಕ ಆಧಾರ ಎಂದರೆ ಕಾರೇ. ಅದನ್ನು ಓದಲು ನಮ್ಮೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ನೀರಿನ ಗೆರೆ

ಸಾಂಗ್ಲಿಗೂ ಸಾಂಗ್ಲಿವಾಡಿಗೂ ನಡುವೆ ಕೃಷ್ಣಾ ನದಿ. 1929ರಲ್ಲಿ ಸಾಂಗ್ಲಿ ಸಂಸ್ಥಾನದ ಕಾಲದಲ್ಲಿ ಕಟ್ಟಿದ ಐರ್ವಿನ್ ಸೇತುವೆ ಎರಡನ್ನೂ ಕೂಡಿಸುತ್ತದೆ. ಮಳೆಗಾಲದಲ್ಲಿ ಇಲ್ಲಿಯ ಜನ ಮೊದಲು ಕೇಳುವುದು "ಐರ್ವಿನ್‌ನಲ್ಲಿ ಎಷ್ಟು ಅಡಿ?" ಎಂದೇ. 45 ಅಡಿ ಅಪಾಯದ ಮಟ್ಟ. 2005ರಲ್ಲಿ ಮಹಾಪೂರ ಬಂತು. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ಮುಟ್ಟಿತು. 2021ರಲ್ಲಿ ಮತ್ತೆ ಬಂತು. ಮನೆ ಬಿಟ್ಟು ಹೋದವರು ತಿರುಗಿ ಬಂದಾಗ ಗೋಡೆಯ ಮೇಲೆ ನೇರವಾದ ಒಂದು ಗೆರೆ ಕಂಡಿತು. ಆ ಗೆರೆಯ ಕೆಳಗೆಲ್ಲ ರಾಡಿ.

ನೀರಲ್ಲಿ ನಿಂತ ಕಾರಿನಲ್ಲೂ ಅದೇ ಗೆರೆ ಇರುತ್ತದೆ. ಹೊರಗೆ ಪಾಲಿಶ್, ಒಳಗೆ ಹೊಸ ಸೀಟ್ ಕವರ್, ಅತ್ತರದ ವಾಸನೆ. ಆದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಸುರುಳಿಯೊಳಗೆ ಉಳಿದ ಭಾಗದಲ್ಲಿ ಕಲೆ ಕಾಣುತ್ತದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸಣ್ಣ ರಾಡಿ ಸಿಗುತ್ತದೆ. ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿರುತ್ತದೆ. ಐಷಾರಾಮಿ ಕಾರುಗಳಲ್ಲಿ ವೈರಿಂಗು, ಕಂಪ್ಯೂಟರ್ ಪೆಟ್ಟಿಗೆಗಳು ಕಾರ್ಪೆಟ್ಟಿನ ಕೆಳಗೂ ಇರುತ್ತವೆ. ನೀರು ತಾಗಿದರೆ ಅವು ಅಂದೇ ಸಾಯುವುದಿಲ್ಲ, ತಿಂಗಳುಗಳ ಮೇಲೆ ಒಂದೊಂದಾಗಿ ಕೈಕೊಡುತ್ತವೆ. ಇನ್ನು ಇಂಜಿನ್ನಿನ ಒಳಗೆ ನೀರು ಹೋಗಿದ್ದಾಗ ಯಾರಾದರೂ ಚಾಲೂ ಮಾಡಿದ್ದರೆ ಕೇಳುವುದೇ ಬೇಡ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಒಳಗಿನ ರಾಡೇ ಬಾಗುತ್ತದೆ.

ಒಂದು ಭಾನುವಾರ ತಂದೆ ಮಗ ಇಬ್ಬರೂ ಆ ಹದಿನಾಲ್ಕು ಲಕ್ಷದ ಕಾರು ನೋಡಲು ಹೋದರು. ನಮ್ಮನ್ನೂ ಕರೆದೊಯ್ದರು. ಕಾರು ಮಿಂಚುತ್ತಿತ್ತು. ಕಿಲೋಮೀಟರ್ ಕಡಿಮೆ. ಮಾರುವವರ ಮಾತು ಬೆಣ್ಣೆ. ಇದು ಮೂರನೆಯ ಆಧಾರ, ಮೌಖಿಕ. ಸರ್ವಿಸ್ ದಾಖಲೆ ಕೇಳಿದರೆ "ಹುಡುಕಿ ಕೊಡ್ತೀವಿ" ಎಂದರು. ಮಗನ ಮನಸ್ಸು ಆಗಲೇ ಸ್ಟೇರಿಂಗ್ ಹಿಡಿದಾಗಿತ್ತು.

ತಂದೆ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟನ್ನು ನಿಧಾನಕ್ಕೆ ಎಳೆದರು. ಪೂರ್ತಿ ಎಳೆದರು. ಕೊನೆಯ ಒಂದು ಗೇಣು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ಬೆರಳಲ್ಲಿ ಸವರಿ ಮಗನನ್ನು ನೋಡಿದರು.

"ಈ ಗೆರಿ ನಮ್ಮ ದೇವರ ಮನಿ ಗ್ವಾಡಿ ಮ್ಯಾಲೂ ಐತಿ. ನಡಿ, ಮನಿಗೆ ಹೋಗೂನು."

ದಾರಿಯುದ್ದಕ್ಕೂ ಮಗ ಮಾತಾಡಲಿಲ್ಲ.

ಗಡಿ ದಾಟಿದ ಕಾರು

ಹಾಗೆಂದು ಅವರು ಹಳೆಯ ಕಾರಿನ ಆಸೆ ಬಿಡಲಿಲ್ಲ. ಎರಡು ತಿಂಗಳು ಹುಡುಕಿ ಬೆಳಗಾವಿಯಲ್ಲಿ 2019ರ ಒಂದು ಪೆಟ್ರೋಲ್ ಕಾರು ಕಂಡರು. ಒಬ್ಬನೇ ಮಾಲಕ. ಮೊದಲ ದಿನದಿಂದ ಪ್ರತಿ ಸರ್ವಿಸ್‌ನ ಕಾಗದ ಇತ್ತು. ಬೆಲೆ ಮೂರು ಲಕ್ಷ ಹೆಚ್ಚು. ಕೊಂಡರು.

ಗಡಿ ಭಾಗದವರಿಗೆ ಇಲ್ಲೊಂದು ವಿಷಯ ಹೇಳಲೇಬೇಕು. ಮಿರಜ್ ಬಿಟ್ಟು ಮ್ಹೈಸಾಳ ದಾಟಿದರೆ ಕಾಗವಾಡ. ನಮಗೆ ಅದು ನೆರೆಮನೆ, ಆರ್.ಟಿ.ಒ. ಕಣ್ಣಿಗೆ ಬೇರೆ ರಾಜ್ಯ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕು. ಮೊದಲು ಹಳೆಯ ಆರ್.ಟಿ.ಒ.ದಿಂದ 28ನೇ ನಮೂನೆಯಲ್ಲಿ ಎನ್.ಒ.ಸಿ., ಮಾಲಕತ್ವ ಬದಲಿಗೆ 29 ಮತ್ತು 30ನೇ ನಮೂನೆ, ಆಮೇಲೆ ಇಲ್ಲಿಯ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅರ್ಜಿ ಹಾಕಿ ಮರಳಿ ಕೇಳಬಹುದು. ಈ ಖರ್ಚು, ಓಡಾಟ ಎರಡನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಎನ್.ಒ.ಸಿ. ಕೈಗೆ ಬರುವ ಮುಂಚೆ ಪೂರ್ತಿ ಹಣ ಕೊಡಬಾರದು.

ಮೊನ್ನೆ ಆ ಪಾಲಕರು ಪೇಢೆ ತಂದರು. ಕೆಎ 22 ಎಂದಿದ್ದ ಫಲಕ ಎಂಎಚ್ 10 ಆಗಿತ್ತು. "ಸರ, ನಮ್ಮಪ್ಪನ್ಹಂಗ ಇದೂ ಗಡಿ ದಾಟಿ ಬಂತ್ರೀ" ಎಂದು ನಕ್ಕರು. ನಮಗೂ ನಗು ಬಂತು. 1956ರಲ್ಲಿ ರಾಜ್ಯಗಳು ವಿಂಗಡಣೆಯಾದಾಗ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಸಾಂಗ್ಲಿ ಭಾಗ ಮುಂಬೈ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಫಲಕ ಬದಲಾದರೂ ಒಳಗಿನದು ಬದಲಾಗುವುದಿಲ್ಲ ಎಂಬುದು ನಮ್ಮ ಶಾಲೆಗಳ ಮಕ್ಕಳಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಹೊಸದು ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ಇಲ್ಲದವರು ಹಳೆಯದಕ್ಕೆ ನಾಚಬೇಕಾಗಿಲ್ಲ. ಹಳೆಯದು ಕೆಟ್ಟದ್ದಲ್ಲ, ಚರಿತ್ರೆ ಮುಚ್ಚಿಟ್ಟದ್ದು ಕೆಟ್ಟದ್ದು. ಕಾಗದ ಓದಿ, ಬೆಲ್ಟು ಎಳೆದು ನೋಡಿ, ಆಮೇಲೆ ಮಾತು ಕೇಳಿ.