ರಾಜಛತ್ರದ ನೆರಳಿನಲ್ಲಿ ಬುದ್ಧ

ಜಪಾನಿನ ನಾರಾ ನಗರದ ತೋಡೈಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿದ್ದಾನೆ. ಕ್ರಿ.ಶ. 752ರಲ್ಲಿ ಆ ಮೂರ್ತಿಗೆ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತದ ಭಿಕ್ಷು. ಇದನ್ನು ಮೊದಲು ಓದಿದಾಗ ನಾನು ಹಿಗ್ಗಿದ್ದುಂಟು. ಆದರೆ ಬುದ್ಧನು ಆ ನಾಡಿನಲ್ಲಿ ಯಾರ ಅತಿಥಿಯಾಗಿ ಇಳಿದನೆಂಬುದನ್ನೂ ನಾವು ವಿಚಾರಿಸಬೇಕು.

ಆತ ಇಳಿದದ್ದು ಅರಮನೆಯಲ್ಲಿ. 6ನೆಯ ಶತಮಾನದಲ್ಲಿ ಕೊರಿಯದ ಅರಸನೊಬ್ಬನು ಜಪಾನಿನ ಅರಸನಿಗೆ ಬುದ್ಧವಿಗ್ರಹವನ್ನು ಕಾಣಿಕೆಯಾಗಿ ಕಳುಹಿಸಿದನು. ರಾಜಕುಮಾರ ಶೋತೋಕುವಿನ ಹೆಸರಿನಲ್ಲಿ ಬಂದಿರುವ, 604ನೆಯ ಇಸವಿಯದೆಂದು ಹೇಳುವ ಹದಿನೇಳು ವಿಧಿಗಳಲ್ಲಿ ಎರಡನೆಯದು ಬುದ್ಧ, ಧರ್ಮ, ಸಂಘಗಳನ್ನು ಗೌರವಿಸೆನ್ನುತ್ತದೆ. ಮೂರನೆಯದು ಅರಸನ ಆಜ್ಞೆಗೆ ತಲೆಬಾಗೆನ್ನುತ್ತದೆ. 741ರಲ್ಲಿ ಶೋಮು ಚಕ್ರವರ್ತಿಯು ಪ್ರಾಂತ ಪ್ರಾಂತದಲ್ಲೂ ವಿಹಾರಗಳನ್ನು ಕಟ್ಟಿಸಲು ಅಪ್ಪಣೆಯಿತ್ತನು. ಅಲ್ಲಿ ರಾಜ್ಯದ ಕ್ಷೇಮಕ್ಕಾಗಿ ಸೂತ್ರಪಠನ ನಡೆಯಬೇಕಿತ್ತು. 17ನೆಯ ಶತಮಾನದಲ್ಲಿ ತೊಕುಗಾವಾ ಆಡಳಿತವು ಕ್ರೈಸ್ತಮತವನ್ನು ಅಡಗಿಸಲೆಂದು ಪ್ರತಿಯೊಂದು ಮನೆತನವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕೆಂದು ವಿಧಿಸಿತು. ಹೀಗೆ ಧರ್ಮಾಲಯವು ಶಾನುಭೋಗರ ಚಾವಡಿಯೂ ಆಯಿತು.

1868ರಲ್ಲಿ ಗಾಳಿ ತಿರುಗಿತು. ಹೊಸ ಮೇಜಿ ಸರಕಾರವು ಶಿಂತೋ ದೇವತೆಗಳನ್ನು ಬುದ್ಧನಿಂದ ಬೇರ್ಪಡಿಸಿತು. ಬೌದ್ಧಮತವು ಪರದೇಶದ್ದೆಂಬ ಕೂಗೆದ್ದಿತು. ಎಷ್ಟೋ ದೇವಾಲಯಗಳು ನೆಲಸಮವಾದುವು, ಮೂರ್ತಿಗಳು ಬೆಂಕಿಯ ಪಾಲಾದುವು. ಬೆದರಿದ ಮಠಗಳು ತಮ್ಮ ದೇಶಭಕ್ತಿಯನ್ನು ರುಜುವಾತುಪಡಿಸಲು ಹೊರಟುವು. 1904ರ ರಷ್ಯಾ ಯುದ್ಧದ ವೇಳೆಗೆ ಅಹಿಂಸೆಯ ಪೀಠಗಳಿಂದಲೇ ಸೈನ್ಯಕ್ಕೆ ಆಶೀರ್ವಾದ ದೊರೆಯುತ್ತಿತ್ತು.

ಆ ಕಾಲದಲ್ಲಿ ಬೇರೆ ಮಾತಾಡಿದವನೊಬ್ಬನು ಉಚಿಯಾಮಾ ಗುಡೋ. ಹಾಕೊನೆ ಬೆಟ್ಟದ ಬಡ ಹಳ್ಳಿಯೊಂದರಲ್ಲಿ ಸೋತೋ ಝೆನ್ ಪಂಥದ ಭಿಕ್ಷುವಾಗಿದ್ದ ಈತ 1908ರಲ್ಲಿ ಗುಟ್ಟಾಗಿ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿದನು. ಗೇಣಿ ಕೊಡಬೇಡಿ, ಸೈನ್ಯ ಸೇರಬೇಡಿ ಎಂಬುದೇ ಅದರ ತಿರುಳು. ಚಕ್ರವರ್ತಿಯ ದಿವ್ಯತ್ವವನ್ನೂ ಅದು ಒಪ್ಪಲಿಲ್ಲ. 1909ರಲ್ಲಿ ಆತ ಸೆರೆಸಿಕ್ಕನು. ಮರುವರ್ಷ ಪಂಥವೇ ಅವನ ಭಿಕ್ಷುತ್ವವನ್ನು ಕಿತ್ತುಕೊಂಡಿತು. ಚಕ್ರವರ್ತಿಯ ಹತ್ಯೆಗೆ ಸಂಚು ನಡೆಸಿದರೆಂಬ ಮೊಕದ್ದಮೆಯಲ್ಲಿ ಅವನನ್ನೂ ಸೇರಿಸಿ, 1911ರ ಜನವರಿ 24ರಂದು ಗಲ್ಲಿಗೇರಿಸಲಾಯಿತು.

ಯುದ್ಧಕಾಲದ ತನ್ನ ನಡತೆಗಾಗಿ ಸೋತೋ ಪಂಥವು ಕ್ಷಮೆ ಕೇಳಿದ್ದು 1992ರಲ್ಲಿ. ಗುಡೋನ ಸ್ಥಾನವನ್ನು ಮರಳಿಸಿದ್ದು 1993ರಲ್ಲಿ.

ಆ ಪಂಥವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಪ್ಪೊಪ್ಪಿಕೊಳ್ಳುವ ಧೈರ್ಯವಾದರೂ ಅದಕ್ಕಿತ್ತು. ಅರಸನ ಕೊಡೆಯಡಿ ಸಾವಿರ ವರ್ಷ ನಿಂತ ಧರ್ಮಕ್ಕೆ, ಅರಸನಿಗೆ ಬುದ್ಧಿ ಹೇಳುವ ನಾಲಗೆ ಉಳಿಯುವುದು ಕಷ್ಟ. ತೋಡೈಜಿಯ ಮಹಾಬುದ್ಧನ ಚಿತ್ರವನ್ನು ಕಂಡಾಗ ಈಗಲೂ ನನಗೆ ಹಿಗ್ಗಾಗುತ್ತದೆ. ಆದರೆ ಜೊತೆಗೇ ಹಾಕೊನೆಯ ಆ ಸಣ್ಣ ಗುಡಿಯೂ ನೆನಪಾಗುತ್ತದೆ.